ಮೆಂಡೋಟಾ ದಡದ ಋತುಗಳು

ನನ್ನ ಹಳೆಯ ಮಿತ್ರರೊಬ್ಬರ ಮೊಮ್ಮಗಳು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದಾಳೆ. ನಾನೂ ತಾರುಣ್ಯದಲ್ಲಿ ಅದೇ ಊರಿನಲ್ಲಿದ್ದವನೆಂದು ತಿಳಿದಂದಿನಿಂದ ಆಕೆ ಆಗಾಗ ಅಲ್ಲಿಯ ಸಮಾಚಾರವನ್ನು ಬರೆದು ತಿಳಿಸುವುದುಂಟು. 2024ರ ಜನವರಿಯ ಆರಂಭದಲ್ಲಿ ಬಂದ ಓಲೆಯೊಡನೆ ಒಂದು ಚಿತ್ರವಿದ್ದಿತು: ಬೂದುಬಣ್ಣದ ಆಕಾಶ, ಎಲೆಯುದುರಿದ ಮರಗಳ ಸಾಲು, ಅದರಾಚೆ ಕಿರಿಯಲೆಗಳೆದ್ದು ದಡಕ್ಕೆ ಬಡಿಯುತ್ತಿರುವ ಮೆಂಡೋಟಾ ಸರೋವರ. ನೀರು ಚೆನ್ನಾಗಿ ಕಂಡಿತೆಂದು ಆಕೆ ಅದನ್ನು ತೆಗೆದಿದ್ದಳು. ನನಗಾದರೋ ಆ ಅಲೆಗಳನ್ನು ಕಂಡು ಎದೆಯಲ್ಲಿ ಏನೋ ಕಳವಳವೆದ್ದಿತು. ಜನವರಿಯಲ್ಲಿ ಮೆಂಡೋಟಾದ ಮೇಲೆ ಅಲೆಯೇಳುವುದೆಂದರೆ ನಾನು ಬಲ್ಲ ಮ್ಯಾಡಿಸನ್ನಿನಲ್ಲಿ ಊಹೆಗೂ ನಿಲುಕದ ಸಂಗತಿ. ಡಿಸೆಂಬರಿನ ಮೂರನೆಯ ವಾರದ ಆಜುಬಾಜಿನಲ್ಲಿ ಮುಚ್ಚಿಕೊಂಡು ಏಪ್ರಿಲಿನ ಮೊದಲಲ್ಲಿ ತೆರೆದುಕೊಳ್ಳುವುದು ಆ ಸರೋವರದ ಪದ್ಧತಿಯಾಗಿದ್ದಿತು. ಆ ವರ್ಷ ಅದು ಸಂಕ್ರಾಂತಿಯ ದಿನ ಹೆಪ್ಪುಗಟ್ಟಿ ಫೆಬ್ರವರಿ ಮುಗಿಯುವ ಮೊದಲೇ ಕರಗಿಹೋಯಿತೆಂದು ಮುಂದಿನ ಪತ್ರಗಳಿಂದ ತಿಳಿದೆನು. ಸಂಸ್ಥಾನದ ಉತ್ತರಭಾಗದ ಹೇವರ್ಡ್ ಎಂಬಲ್ಲಿ 1973ರಿಂದ ನಡೆದುಬಂದಿರುವ ಹಿಮಜಾರಾಟದ ದೂರದ ಓಟವನ್ನು, ಕಾಡಿನ ಹಾದಿಯಲ್ಲಿ ಹಿಮವಿಲ್ಲದ ಕಾರಣದಿಂದ, ಯಂತ್ರಗಳು ತಯಾರಿಸಿದ ಹಿಮವನ್ನು ಹಾಸಿ ಹತ್ತು ಕಿಲೋಮೀಟರಿನ ಒಂದು ಬಳಸಿನಲ್ಲಿಯೇ ಸುತ್ತಿಸುತ್ತಿ ಓಡಿ ಪೂರೈಸಿದರಂತೆ.

ನಾನು ಅಲ್ಲಿಗೆ ಹೋದದ್ದು 1968ರ ಸೆಪ್ಟೆಂಬರಿನಲ್ಲಿ. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಮಣ್ಣುವಿಜ್ಞಾನವನ್ನು ಓದಿ, ಅದೇ ವಿಷಯದಲ್ಲಿ ಹೆಚ್ಚಿನ ಸಂಶೋಧನೆಗೆಂದು ಹೊರಟವನು. ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಸೀಮೆಯಲ್ಲಿ, ತುಂಗೆಯ ದಂಡೆಗೆ ಸಮೀಪವಾದ ಅಡಕೆಯ ತೋಟದ ಮನೆಯಲ್ಲಿ. ಆ ಮನೆಯ ಕಾಲಗಣನೆಯೆಲ್ಲ ಮಳೆಯಿಂದ. ರೋಹಿಣಿ, ಮೃಗಶಿರಾ, ಆರ್ದ್ರಾ, ಪುನರ್ವಸು ಎಂದು ನಕ್ಷತ್ರದ ಹೆಸರಿನಿಂದ ಕರೆಯಲ್ಪಡುವ ಮಳೆಗಳು ನೆಂಟರಂತೆ ಒಂದರ ಹಿಂದೊಂದು ಬರುತ್ತಿದ್ದುವು. ಯಾವ ಮಳೆ ಯಾವ ಪಾದದಲ್ಲಿ ಹಿಡಿಯಿತು, ತುಂಗೆಯು ಎಷ್ಟನೆಯ ಮೆಟ್ಟಿಲಿನವರೆಗೆ ಏರಿದಳು, ಅಡಕೆಯ ಗೊನೆಗೆ ಕೊಳೆರೋಗ ಯಾವಾಗ ತಾಗಿತು ಎಂಬುದನ್ನು ಅಜ್ಜನವರು ಪಂಚಾಂಗದ ಅಂಚಿನಲ್ಲಿ ಸೀಸದಕಡ್ಡಿಯಿಂದ ಗುರುತುಹಾಕಿಡುತ್ತಿದ್ದರು. ಚಳಿಯೆಂದರೆ ನಮಗೆ ಧನುರ್ಮಾಸದ ಮುಂಜಾವದಲ್ಲಿ ಬಚ್ಚಲೊಲೆಯ ಮುಂದೆ ಕುಳಿತು ಕಳೆಯುವ ಒಂದು ಗಳಿಗೆ. ಸೂರ್ಯನೇರಿದನೆಂದರೆ ಅದು ಮುಗಿಯಿತು. ಒಂದು ಪ್ರದೇಶದ ಬದುಕನ್ನೆಲ್ಲ ಬೆಳಕಿನ ಹೆಚ್ಚುಕಡಿಮೆಯೂ ಶಾಖದ ಏರಿಳಿತವೂ ಆಳಬಲ್ಲವೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಮೈಯಲ್ಲಿ ಅನುಭವಿಸಿರಲಿಲ್ಲ.

ಮ್ಯಾಡಿಸನ್ ನಗರವು ಮೆಂಡೋಟಾ, ಮನೋನಾ ಎಂಬ ಎರಡು ಸರೋವರಗಳ ನಡುವಣ ಕಿರಿದಾದ ನೆಲದ ಪಟ್ಟಿಯ ಮೇಲೆ ಹಬ್ಬಿಕೊಂಡಿದೆ. ಅಕ್ಷಾಂಶ ಉತ್ತರಕ್ಕೆ 43 ಡಿಗ್ರಿ. ಡಿಸೆಂಬರಿನ ಕೊನೆಯಲ್ಲಿ ಹಗಲು ಒಂಬತ್ತು ಗಂಟೆಗೆ ಇಳಿಯುತ್ತದೆ. ಜೂನಿನಲ್ಲಿ ಹದಿನೈದು ಗಂಟೆಯನ್ನು ಮೀರುತ್ತದೆ. ವಿಶ್ವವಿದ್ಯಾಲಯವು ಮೆಂಡೋಟಾದ ದಕ್ಷಿಣ ದಡದಲ್ಲಿದೆ. ನನಗೆ ವಸತಿ ದೊರೆತದ್ದು ಎರಡು ಸರೋವರಗಳಿಗೂ ನಡಿಗೆಯ ದೂರದಲ್ಲಿದ್ದ ಮರದ ಮನೆಯೊಂದರ ಮಾಳಿಗೆಯಲ್ಲಿ. ಮನೆಯೊಡತಿಯು ನಾರ್ವೆಯಿಂದ ವಲಸೆ ಬಂದ ಕುಟುಂಬದ ವಿಧವೆ. ಆಗಲೇ ಅರುವತ್ತಕ್ಕೆ ಹತ್ತಿರವಾಗಿದ್ದವಳು. ಎತ್ತರದ, ಎಲುಬು ಎದ್ದು ಕಾಣುವ ದೇಹ. ಮಾತು ಅತಿ ಕಡಿಮೆ. ಆಕೆಯು ಮೃದುಸ್ವಭಾವದವಳೆಂದು ನಾನು ಹೇಳಲಾರೆನು. ಒಗ್ಗರಣೆಯ ಇಂಗಿನ ವಾಸನೆ ಮೆಟ್ಟಿಲಿಳಿದು ಕೆಳಗೆ ಬಂದ ದಿನ ಆಕೆ ನನ್ನೊಡನೆ ಮಾತಾಡುತ್ತಿರಲಿಲ್ಲ. ರಾತ್ರಿ ಹತ್ತಾದ ಮೇಲೆ ಮನೆಯನ್ನು ಬೆಚ್ಚಗಿಡುವ ಕುಲುಮೆಯನ್ನು ತಗ್ಗಿಸಿಬಿಡುತ್ತಿದ್ದಳು. ನನ್ನ ಜೊತೆಗಾರ ವಿದ್ಯಾರ್ಥಿಗಳಲ್ಲಿ ಕೆಲವರ ಮೈಬಣ್ಣವನ್ನು ಕುರಿತು ಆಕೆ ಆಡಿದ ಮಾತುಗಳನ್ನು ಇಂದು ನೆನೆದರೂ ಮನಸ್ಸು ಕಹಿಯಾಗುತ್ತದೆ. ಆದರೂ ಅಲ್ಲಿಯ ಋತುಗಳನ್ನು ಕಣ್ಣಿಟ್ಟು ನೋಡುವ ವಿದ್ಯೆಯನ್ನು ನಾನು ಕಲಿತದ್ದು ಆಕೆಯಿಂದ.

ಅಡುಗೆಮನೆಯ ಕಿಟಕಿಯ ಹೊರಗೆ ಉಷ್ಣಮಾಪಕವೊಂದನ್ನು ಮೊಳೆಯಿಂದ ಬಿಗಿದಿದ್ದರು. ಅದರ ಎದುರಿಗೆ, ಒಳಗೋಡೆಯ ಕೊಕ್ಕೆಯಲ್ಲಿ, ದಿನಸಿ ಅಂಗಡಿಯ ಲೆಕ್ಕಕ್ಕೆ ಬಳಸುವಂತಹ ಉದ್ದನೆಯ ನೀಲಿಗೆರೆಯ ಪುಸ್ತಕ ತೂಗುತ್ತಿದ್ದಿತು. ಅದಕ್ಕೆ ದಾರದಿಂದ ಕಟ್ಟಿದ ಮೋಟು ಸೀಸದಕಡ್ಡಿ. ಬೆಳಿಗ್ಗೆ ಕಾಫಿಗೆ ನೀರಿಟ್ಟೊಡನೆ ಆಕೆ ಕಿಟಕಿಯ ಗಾಜಿನ ಮೇಲಣ ಹಬೆಯನ್ನು ಮುಂಗೈಯಿಂದ ಒರೆಸಿ, ಬಾಗಿ ನೋಡಿ, ಡಿಗ್ರಿಯನ್ನೂ ಗಾಳಿಯ ದಿಕ್ಕನ್ನೂ ಬರೆದು, ಮೂರನೆಯ ಅಂಕಣದಲ್ಲಿ ನಾಲ್ಕಾರು ಪದಗಳ ಒಂದು ಸಾಲನ್ನು ಸೇರಿಸುತ್ತಿದ್ದಳು. ಆ ಸಾಲುಗಳಲ್ಲಿ ಸಂತೋಷದುಃಖಗಳ ಸುಳಿವೇ ಇರುತ್ತಿರಲಿಲ್ಲ. ಟೊಮೇಟೊ ಗಿಡ ಕಪ್ಪಾಯಿತು. ಹೆಬ್ಬಾತುಗಳು ದಕ್ಷಿಣಕ್ಕೆ, ಬಹಳ ಎತ್ತರ. ಮನೋನಾ ಮುಚ್ಚಿತು, ಮೆಂಡೋಟಾ ಇಲ್ಲ. ಇಷ್ಟೇ. ಅದನ್ನು ಓದುವುದಕ್ಕೆ ನನಗೆ ಆಕೆಯ ಅಪ್ಪಣೆ ದೊರೆತದ್ದು ಮೊದಲ ಚಳಿಗಾಲ ಕಳೆದ ಮೇಲೆ. ಅದಾಗಲೇ ಅಂತಹ ಪುಸ್ತಕಗಳ ಒಂದು ದೊಡ್ಡ ಕಟ್ಟು ಅಟ್ಟದ ಮೇಲಿದ್ದಿತು.

ಶರತ್ಕಾಲವನ್ನು ಕುರಿತು ಬರೆಯಹೊರಟರೆ ವರ್ಣನೆಯ ಆಸೆಯು ಲೇಖನಿಯನ್ನು ಎಳೆದುಕೊಂಡು ಹೋಗುತ್ತದೆ. ಹಗಲು ಕುಗ್ಗಿ ರಾತ್ರಿ ತಂಪಾಗುತ್ತಲೇ ಎಲೆಗಳಲ್ಲಿನ ಹಸಿರು ವಸ್ತುವು ಕರಗಿಹೋಗಿ, ವರ್ಷವೆಲ್ಲ ಅದರ ಮರೆಯಲ್ಲಿ ಅಡಗಿದ್ದ ಹಳದಿಯು ಹೊರಬೀಳುತ್ತದೆ; ಮೇಪಲ್ ಮರಗಳ ಕೆಂಪಾದರೋ ಹಾಗೆ ಅಡಗಿದ್ದುದಲ್ಲ, ಬಿಸಿಲಿನ ಹಗಲೂ ಚಳಿಯ ಇರುಳೂ ಕೂಡಿಬಂದ ಆ ಕೆಲವು ವಾರಗಳಲ್ಲಿ ಎಲೆಯು ಹೊಸದಾಗಿ ಉತ್ಪಾದಿಸುವ ಬಣ್ಣ. ತೊಟ್ಟಿನ ಬುಡದಲ್ಲಿ ಬೆಂಡಿನಂತಹ ಪದರವೊಂದು ಬೆಳೆದು ಮರವೇ ಎಲೆಯನ್ನು ಕಡಿದುಹಾಕುತ್ತದೆ. ಎಲೆಯು ಉದುರುವುದು ಮರದ ಸೋಲು ಎಂದು ನಾನು ಭಾವಿಸಿದ್ದೆನು. ಹೆಪ್ಪುಗಟ್ಟಿದ ನೆಲದಿಂದ ನೀರು ದೊರೆಯದ ತಿಂಗಳುಗಳಲ್ಲಿ ಎಲೆಯಿಂದ ನೀರು ಆವಿಯಾಗಿ ಹೋದರೆ ಮರ ಬದುಕಲಾರದೆಂಬುದು ಪ್ರಾಧ್ಯಾಪಕರೊಬ್ಬರು ಗುದ್ದಲಿಯಿಂದ ನೆಲವನ್ನು ಕುಟ್ಟಿ ತೋರಿಸಿದಾಗ ಮನಸ್ಸಿಗೆ ನಾಟಿತು. ಕಬ್ಬಿಣವು ಕಲ್ಲಿಗೆ ತಾಗಿದಂತಹ ಶಬ್ದ ಬಂದಿತು. ಅದು ಬರಿಯ ತೋಟದ ಮಣ್ಣು.

ಆದರೆ ನನ್ನ ಚಿತ್ತವನ್ನು ಇಂದಿಗೂ ಸೆಳೆಯುವುದು ಸರೋವರವು ಮುಚ್ಚಿಕೊಳ್ಳುವ ಹೊತ್ತು. ನೀರು ನಾಲ್ಕು ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿರುವುದಷ್ಟೆ. ಶರತ್ಕಾಲದಲ್ಲಿ ತಂಪಾದ ಮೇಲ್ನೀರು ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೇರುತ್ತದೆ. ಗಾಳಿಯು ಬೀಸಿ ಈ ಕಲಸುವಿಕೆಗೆ ನೆರವಾಗುತ್ತದೆ. ಹೀಗೆ ಇಡಿಯ ಸರೋವರವು ತಳದವರೆಗೆ ಒಂದೇ ಹದಕ್ಕೆ ಬಂದ ಮೇಲೆ, ಅದಕ್ಕಿಂತ ತಂಪಾದ ನೀರು ಹಗುರವಾಗಿ ಮೇಲೆಯೇ ಉಳಿಯುತ್ತದೆ. ಈ ವ್ಯಾಪಾರವನ್ನೆಲ್ಲ ಜಗತ್ತಿಗೆ ತಿಳಿಯಹೇಳಿದವರಲ್ಲಿ ಮೆಂಡೋಟಾದ ದಡದಲ್ಲಿಯೇ ಬಾಳಿದ ಬರ್ಜ್ ಮತ್ತು ಜೂಡೇ ಎಂಬ ಇಬ್ಬರು ವಿಜ್ಞಾನಿಗಳು ಪ್ರಮುಖರು. ಉತ್ತರ ಅಮೆರಿಕದಲ್ಲಿ ಸರೋವರಗಳ ಅಧ್ಯಯನವು ಒಂದು ಶಾಸ್ತ್ರವಾಗಿ ಬೆಳೆದದ್ದು ಅವರಿಂದ. ಇಷ್ಟೆಲ್ಲ ಸಿದ್ಧತೆಯಾದ ಮೇಲೂ ಗಾಳಿಯು ಬೀಸುತ್ತಿರುವವರೆಗೆ ಸರೋವರವು ಮುಚ್ಚದು. ಹಲವು ದಿನ ಅದರ ಮೇಲೆ ಬಿಳಿಯ ಹಬೆಯು ಕಂಬಕಂಬವಾಗಿ ಎದ್ದು ಅಲೆಯುತ್ತಿರುತ್ತದೆ. ಕಡೆಗೊಂದು ರಾತ್ರಿ, ಆಕಾಶದಲ್ಲಿ ಮೋಡವಿಲ್ಲದೆ, ಗಾಳಿಯು ಸಂಪೂರ್ಣವಾಗಿ ನಿಂತಾಗ, ಆ ಕಾರ್ಯವು ನಡೆದುಹೋಗುತ್ತದೆ. ನಾನು ಕಂಡ ಮೊದಲ ಬೆಳಿಗ್ಗೆ ದಡದ ಬಳಿ ಬಗ್ಗಿ ನೋಡಿದೆನು: ಆರಿದ ಹಾಲಿನ ಮೇಲಣ ಕೆನೆಯಷ್ಟು ತೆಳ್ಳಗಿನ, ಕಪ್ಪಗೆ ತೋರುವ, ಕೆಳಗಿನ ಉಸುಕಿನ ಒಂದೊಂದು ಗೆರೆಯೂ ಕಾಣಿಸುವಷ್ಟು ತಿಳಿಯಾದ ಪದರ, ಅದರೊಳಗೆ ಸೂಜಿಯಾಕಾರದ ಹರಳುಗಳು ಒಂದನ್ನೊಂದು ಅಡ್ಡಹಾಯ್ದು ಹೆಣೆದುಕೊಂಡಿದ್ದುವು. ಕೈಯಲ್ಲಿದ್ದ ಬೆಣಚುಕಲ್ಲೊಂದನ್ನು ಅದರ ಮೇಲೆ ಜಾರಿಸಿದಾಗ ಹಕ್ಕಿಯೊಂದು ಚಿಲಿಗುಟ್ಟಿದಂತಹ ತೆಳುವಾದ ನಾದವು ದೂರದವರೆಗೂ ಓಡಿತು.

ಊರಿನವರಿಗೆ ಈ ದಿನವು ಸಾರ್ವಜನಿಕ ಮಹತ್ತ್ವದ್ದು. ಪಿಕ್‌ನಿಕ್ ಪಾಯಿಂಟ್ ಎಂಬ ನೀಳವಾದ ಭೂಶಿರದಿಂದ ಎದುರುದಡದ ಮೇಪಲ್ ಬ್ಲಫ್‌ವರೆಗೆ ದೋಣಿಯು ಹಾಯಬಲ್ಲುದೇ ಎಂಬುದು ಹಳೆಯ ಒರೆಗಲ್ಲು. ಮೆಂಡೋಟಾವು ಯಾವ ದಿನ ಮುಚ್ಚಿತು, ಯಾವ ದಿನ ತೆರೆಯಿತು ಎಂಬ ದಾಖಲೆಯು 1850ರ ದಶಕದಿಂದ ತಪ್ಪದೆ ಬಂದಿದೆ. ಅದರಲ್ಲಿ ಅತಿ ದೀರ್ಘವಾದುದು 1880–81ರ ಚಳಿಗಾಲ: ಸರೋವರವು 161 ದಿನ ಮುಚ್ಚಿದ್ದಿತು. ಈ ದಾಖಲೆಯ ಮೊದಲ ಸಾಲುಗಳನ್ನು ಬರೆದವರಿಗೆ ಹವಾಮಾನದ ದೀರ್ಘಗತಿಯನ್ನು ತಿಳಿಯುವ ಉದ್ದೇಶವಿದ್ದಿರಲಾರದು. ಅವರಿಗೆ ಬೇಕಾಗಿದ್ದುದು ಮಂಜುಗಡ್ಡೆಯ ಮೇಲೆ ಬಂಡಿ ಹೊಡೆಯಬಹುದೇ, ಗಡ್ಡೆಯನ್ನು ಕೊಯ್ದು ಮಾರಬಹುದೇ ಎಂಬ ತಿಳಿವಳಿಕೆ. ಶೀತಯಂತ್ರಗಳು ಬರುವುದಕ್ಕೆ ಮೊದಲು ಉತ್ತರದೇಶದ ಕೆರೆಗಳೇ ಲೋಕದ ಶೈತ್ಯದ ಕಣಜಗಳು. ಅಲ್ಲಿಂದ ಪೂರ್ವಕ್ಕಿರುವ ಬಾಸ್ಟನ್ ಸೀಮೆಯ ಕೆರೆಗಳ ಗಡ್ಡೆಯು ಗರಗಸದಿಂದ ಕೊಯ್ಯಲ್ಪಟ್ಟು, ಮರದ ಹೊಟ್ಟಿನಲ್ಲಿ ಹುದುಗಿ, 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿಯಿತು. ಮದರಾಸಿನ ಸಮುದ್ರತೀರದಲ್ಲಿ ಅದೇ ಸರಕಿಗಾಗಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಾಗಿ ಅವರ ಹೆಸರನ್ನೇ ಹೊತ್ತಿದೆ. ಮದರಾಸಿನ ಸೆಕೆಯಲ್ಲಿ ಯಾರೋ ಅಧಿಕಾರಿಯ ಲೋಟದೊಳಗೆ ಕರಗಿದ ಗಡ್ಡೆಯು ಅಂತಹ ಒಂದು ನಿಶ್ಶಬ್ದರಾತ್ರಿಯಲ್ಲಿ ಹೆಣೆದುಕೊಂಡದ್ದೆಂಬುದನ್ನು ತಿಳಿದ ಮೇಲೆ ಆ ಕಟ್ಟಡವನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆನು.

ಜನವರಿಯ ಚಳಿಯನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ, ಅರಿಯದವರಿಗೆ ಎಷ್ಟು ಹೇಳಿದರೂ ಸಾಲದು. ಮೂಗಿನೊಳಗಿನ ಕೂದಲು ಉಸಿರೆಳೆದಾಗ ಸೆಟೆದುಕೊಳ್ಳುತ್ತದೆ, ಬಿಟ್ಟಾಗ ಕರಗುತ್ತದೆ. ಕಾಲ್ತುಳಿತಕ್ಕೆ ಹಿಮವು ಕಿರುಗುಟ್ಟುವ ಸ್ವರದಿಂದಲೇ ಅನುಭವಿಗಳು ಡಿಗ್ರಿಯನ್ನು ಊಹಿಸುತ್ತಾರೆ. ನಡುರಾತ್ರಿ ಸರೋವರದ ಗಡ್ಡೆಯು ಹಿಗ್ಗಿ ಕುಗ್ಗಿ ಬಿರಿದಾಗ ಏಳುವ ಗುಡುಗು ದಡದ ಮನೆಗಳ ಗೋಡೆಯನ್ನು ತಟ್ಟುತ್ತದೆ. 1951ರ ಜನವರಿ 30ರಂದು ಮ್ಯಾಡಿಸನ್ನಿನಲ್ಲಿ ಶೂನ್ಯಕ್ಕಿಂತ 37 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದಿದ್ದಿತು. ಮನೆಯೊಡತಿಯ ಪುಸ್ತಕದಲ್ಲಿ ಆ ದಿನದ ಅಂಕಿಯ ಮುಂದೆ ಮೂರನೆಯ ಅಂಕಣವು ಬರಿದಾಗಿದ್ದಿತು.

ಆ ಕಾಲದ ನೆನಪನ್ನು ಹಿಮದ ಬಿಳುಪಿನಲ್ಲಿ ಅದ್ದಿ ಸುಂದರವಾಗಿಸುವ ಮನಸ್ಸು ನನಗಿಲ್ಲ. ಫೆಬ್ರವರಿಯು ಅಲ್ಲಿ ದೀರ್ಘವಾದ ತಿಂಗಳು. ಸಂಜೆ ಬೇಗನೆ ಕವಿಯುತ್ತಿದ್ದ ಕತ್ತಲೆಯಲ್ಲಿ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮಂಕಾಗಿ ಹಾಸಿಗೆ ಹಿಡಿದರು. ಒಬ್ಬನು ಓದನ್ನು ತೊರೆದು ಹಿಂದಿರುಗಿದನು. ವೃದ್ಧರು ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಳ್ಳುತ್ತಿದ್ದರು. ನಮ್ಮ ಬೀದಿಯ ತುದಿಯ ಬಾಡಿಗೆಯ ಮನೆಗಳಲ್ಲಿ ಎಣ್ಣೆಗೆ ಹಣವಿಲ್ಲದವರು ಅಡುಗೆಯ ಒಲೆಯನ್ನೇ ತೆರೆದಿಟ್ಟು ಅದರ ಸುತ್ತ ಮಕ್ಕಳನ್ನು ಮಲಗಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಶೀತಕಾಲದ ಸೊಬಗನ್ನು ಕೊಂಡಾಡುವವರು ಬಹುಮಟ್ಟಿಗೆ ಬೆಚ್ಚನೆಯ ಮನೆಯುಳ್ಳವರು. ನಾನೂ ಈಗ ಬೆಂಗಳೂರಿನ ಬಿಸಿಲಿನಲ್ಲಿ ಕುಳಿತು ಬರೆಯುತ್ತಿರುವವನು. ಈ ಮಾತನ್ನು ಮರೆಯದೆಯೇ ಮುಂದಿನದನ್ನು ಹೇಳುತ್ತೇನೆ.

ಆ ಚಳಿಯು ಒಂದು ಶೂನ್ಯವಾಗಿರಲಿಲ್ಲ. ಅದಕ್ಕೆ ತನ್ನದೇ ಆದ ಕಾರ್ಯವಿದ್ದಿತು. ನನ್ನ ಸಂಶೋಧನೆಯ ನೆಲದಲ್ಲಿಯೇ ಅದನ್ನು ಕಾಣುತ್ತಿದ್ದೆನು. ಒಂದು ಗೇಣು ಹಿಮ ಹೊದ್ದ ಹೊಲದಲ್ಲಿ ಮಣ್ಣು ಅಷ್ಟೇನೂ ತಣ್ಣಗಾಗುತ್ತಿರಲಿಲ್ಲ. ಹಿಮವನ್ನು ಗಾಳಿಯು ಬಳಿದೊಯ್ದ ದಿಬ್ಬದ ಮೇಲೆ ಹೆಪ್ಪು ಮೊಣಕಾಲುದ್ದ ಇಳಿದು, ಕುದುರೆಮಸಾಲೆಯ ಬೇರುಗಳನ್ನು ಕಿತ್ತು ಮೇಲಕ್ಕೆ ದಬ್ಬುತ್ತಿದ್ದಿತು. ಶರತ್ಕಾಲದಲ್ಲಿ ಬಿತ್ತಿದ ಚಳಿಗೋದಿಯು ಕೆಲವು ವಾರಗಳ ಶೈತ್ಯವನ್ನುಣ್ಣದೆ ತೆನೆಯೊಡೆಯಲಾರದು. ಮಾರ್ಚಿ ಬಂದಾಗ ಮೇಪಲ್ ಮರದ ಕಾಂಡಕ್ಕೆ ರಂಧ್ರ ಕೊರೆದು ಬಕೆಟ್ಟನ್ನು ತೂಗುಹಾಕುವವರು ಬೇಡುತ್ತಿದ್ದುದು ಬೆಚ್ಚನೆಯ ದಿನಗಳನ್ನಲ್ಲ. ಇರುಳು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳ ಮಾಲೆಯನ್ನು. ಆ ತುಯ್ತದಿಂದಲೇ ರಸವು ಒಸರುತ್ತದೆ. ನಲವತ್ತು ಗ್ಯಾಲನ್ ರಸವನ್ನು ಬತ್ತಿಸಿದರೆ ಒಂದು ಗ್ಯಾಲನ್ ಪಾಕ. ನಮ್ಮ ಆಲೆಮನೆಯ ಕೊಪ್ಪರಿಗೆಯ ಮುಂದೆ ಬೆಳೆದ ನನಗೆ ಆ ಕಾಡಿನ ಗುಡಿಸಲಿನ ಹಬೆಯಲ್ಲಿ ನಿಂತಾಗ ದೂರದ ಊರು ಸಮೀಪವಾಯಿತು.

ವಸಂತವು ಅಲ್ಲಿ ಅನುಕ್ರಮವಾಗಿ ಬರುವುದಿಲ್ಲ. ಎರಡು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದೆಗೆಯುತ್ತದೆ. ಹಿಮದಡಿಯಿಂದ ಶರತ್ಕಾಲದ ಕೊಳೆತ ಎಲೆ, ಕಳೆದುಹೋದ ಕೈಗವಸು, ನಾಯಿಗಳ ಹೊಲಸು ಎಲ್ಲವೂ ಒಮ್ಮೆಗೇ ಹೊರಬೀಳುತ್ತವೆ. ಜೌಗಿನಲ್ಲಿ ಸ್ಕಂಕ್ ಕ್ಯಾಬೇಜ್ ಎಂಬ ದುರ್ಗಂಧದ ಗಿಡವು ತನ್ನ ಒಡಲ ಬಿಸಿಯಿಂದಲೇ ಸುತ್ತಣ ಹಿಮವನ್ನು ಕರಗಿಸಿಕೊಂಡು ಮೇಲೇಳುತ್ತದೆ. ಕೆಂಪುಭುಜದ ಕರಿಹಕ್ಕಿಗಳು ಒಣಗಿದ ಜೊಂಡಿನ ಮೇಲೆ ಕುಳಿತು ಕೂಗುತ್ತವೆ. ಸರೋವರದ ಗಡ್ಡೆಯು ಬಿಳುಪನ್ನು ಕಳೆದುಕೊಂಡು ಬೂದಿಯ ಬಣ್ಣಕ್ಕೆ ತಿರುಗಿ, ಒಳಗೊಳಗೇ ಶಿಥಿಲವಾಗಿ, ಲಂಬವಾದ ಸಹಸ್ರಾರು ಕಡ್ಡಿಗಳಾಗಿ ಬಿಡಿಬಿಡಿಯಾಗುತ್ತದೆ. ಗಾಳಿಯೆದ್ದ ಒಂದು ಅಪರಾಹ್ಣ ಆ ಕಡ್ಡಿಗಳೆಲ್ಲ ದಡಕ್ಕೆ ನೂಕಲ್ಪಟ್ಟು ಗಾಜಿನ ಬಳೆಗಳು ತಾಕಾಡಿದಂತೆ ಸದ್ದುಮಾಡುತ್ತ ರಾಶಿಬೀಳುತ್ತವೆ. ಮೇ ತಿಂಗಳ ನಡುವೆ ಲೈಲಾಕ್ ಹೂವು. ಅದರ ಪರಿಮಳವನ್ನು ವರ್ಣಿಸುವ ಪ್ರಯತ್ನವನ್ನು ನಾನು ಮಾಡುವುದಿಲ್ಲ. ಹಾಪ್ಕಿನ್ಸ್ ಎಂಬ ಕೀಟವಿಜ್ಞಾನಿಯು 1918ರಲ್ಲಿ ರೂಪಿಸಿದ ನಿಯಮವೊಂದುಂಟು: ಅಕ್ಷಾಂಶದ ಒಂದೊಂದು ಡಿಗ್ರಿಗೆ ನಾಲ್ಕು ನಾಲ್ಕು ದಿನ ತಡವಾಗಿ ವಸಂತವು ಉತ್ತರಕ್ಕೆ ನಡೆಯುತ್ತದೆಂಬುದು. ಮನೆಯೊಡತಿಯ ತಂಗಿಯು ಸಂಸ್ಥಾನದ ಉತ್ತರದಂಚಿನಲ್ಲಿ ವಾಸವಾಗಿದ್ದಳು. ಅಕ್ಕನ ಲೈಲಾಕ್ ಅರಳಿದ ದಿನ ಪತ್ರ ಹೋಗುವುದು, ತಂಗಿಯದು ಅರಳಿದಾಗ ಉತ್ತರ ಬರುವುದು ಅವರಲ್ಲಿ ರೂಢಿಯಾಗಿದ್ದಿತು.

ಬೇಸಿಗೆಯು ಬೇಗನೆ ಕಳೆದುಹೋಗುತ್ತಿದ್ದಿತು; ಗುಡುಗು, ಮಿಂಚುಹುಳು, ಸುಂಟರಗಾಳಿಯ ಎಚ್ಚರಿಕೆಯ ಕೂಗು, ನೆಲಮಾಳಿಗೆಯಲ್ಲಿ ಮೇಣದ ಬತ್ತಿ. ಆ ವರ್ಷಗಳಲ್ಲಿಯೇ ಅದೇ ವಿಶ್ವವಿದ್ಯಾಲಯದ ವರ್ನರ್ ಸುವೋಮಿಯವರು ನಿರ್ಮಿಸಿದ್ದ ಕ್ಯಾಮೆರಾವು, 1966ರ ಡಿಸೆಂಬರಿನಲ್ಲಿ ಹಾರಿಸಲ್ಪಟ್ಟ ಉಪಗ್ರಹದಿಂದ, ಭೂಮಿಯ ಮೇಲೆ ಮೋಡಗಳು ಚಲಿಸುವ ಚಿತ್ರಗಳನ್ನು ಎಡೆಬಿಡದೆ ಕಳುಹಿಸುತ್ತಿದ್ದಿತು. ಆ ಚಿತ್ರಗಳ ಪ್ರದರ್ಶನವನ್ನು ನೋಡಿಬಂದ ಸಂಜೆ ಮನೆಯೊಡತಿಗೆ ಉತ್ಸಾಹದಿಂದ ವರ್ಣಿಸಿದೆನು. ಆಕೆಯು ತಾಳ್ಮೆಯಿಂದ ಕೇಳಿ, ಅದರಲ್ಲಿ ಗಡ್ಡೆಯ ದಪ್ಪವು ಕಾಣುವುದೇ ಎಂದು ಕೇಳಿದಳು. ಇಲ್ಲವೆಂದೆನು. ಆ ಪ್ರಶ್ನೆಯ ಹಿಂದೆ ಏನಿದ್ದಿತೆಂಬುದು ನನಗೆ ತಿಳಿದದ್ದು ಮೂರು ದಶಕಗಳಾಚೆ.

2002ರ ಏಪ್ರಿಲಿನಲ್ಲಿ ವಿಚಾರಗೋಷ್ಠಿಯೊಂದರ ನೆವದಿಂದ ನಾನು ಮತ್ತೆ ಮ್ಯಾಡಿಸನ್ನಿಗೆ ಹೋಗಿದ್ದೆನು. ಆ ಚಳಿಗಾಲದಲ್ಲಿ ಮೆಂಡೋಟಾವು ಮುಚ್ಚಿದ್ದುದು ಒಟ್ಟು 21 ದಿನ. ದಾಖಲೆಯು ಆರಂಭವಾದಂದಿನಿಂದ ಅಷ್ಟು ಅಲ್ಪಾವಧಿಯ ಹೆಪ್ಪನ್ನು ಯಾರೂ ಕಂಡಿರಲಿಲ್ಲ. ತೊಂಬತ್ತನ್ನು ದಾಟಿದ್ದ ಮನೆಯೊಡತಿಯು ವೃದ್ಧಾಶ್ರಮವೊಂದರಲ್ಲಿದ್ದಳು. ಕಣ್ಣು ಮಂದವಾಗಿದ್ದರೂ ಕಿಟಕಿಯ ಬಳಿಯ ಕುರ್ಚಿಯನ್ನು ಬಿಟ್ಟಿರಲಿಲ್ಲ. ಅಂಕಣಗಳನ್ನು ಈಗ ದಾದಿಯೊಬ್ಬಳು ತುಂಬುತ್ತಿದ್ದಳು. ಅಂದು ಆಕೆ ತಾನಾಗಿ ಹೇಳಿದ ಸಂಗತಿಯಿದು: ಆಕೆಗೆ ಹತ್ತು ವರ್ಷವಾಗಿದ್ದಾಗ, ತಂದೆಯು ಕುದುರೆಗಳನ್ನು ಕಟ್ಟಿ ಮನೋನಾದ ಮೇಲೆ ಗಡ್ಡೆಯನ್ನು ಕೊಯ್ಯುತ್ತಿದ್ದ ದಿನಗಳಲ್ಲಿ, ಬೆಚ್ಚಗಾದ ಮಾರ್ಚಿಯ ಒಂದು ಸಂಜೆ ಅಣ್ಣನು ಸರೋವರವನ್ನು ಅಡ್ಡಹಾಯುತ್ತಿರುವಾಗ ಗಡ್ಡೆಯು ಕುಸಿದು ನೀರಿನ ಪಾಲಾದನು. ಮರುವರ್ಷದಿಂದ ತಂದೆಯು ಕೊರೆದು ಅಳೆದು ಬರೆದಿಡಲಾರಂಭಿಸಿದನು. ತಂದೆಯ ಬಳಿಕ ಮಗಳು. ಹಕ್ಕಿಗಳೂ ಹೂಗಳೂ ಆ ಪುಸ್ತಕದೊಳಕ್ಕೆ ಬಂದದ್ದು ಆಮೇಲೆ. ನನ್ನ ತಾರುಣ್ಯದಲ್ಲಿ ಆಕೆಯ ಕಾಠಿಣ್ಯವೆಂದು ತೋರಿದ್ದರಲ್ಲಿ ಕೆಲವಂಶವಾದರೂ ಆ ಸಂಜೆಯಿಂದ ಹುಟ್ಟಿದ್ದಿರಬೇಕು. ಉಳಿದುದಕ್ಕೆ ಆಕೆಯೇ ಹೊಣೆ.

ಅದೇ ಪ್ರವಾಸದಲ್ಲಿ ಆಲ್ಡೊ ಲಿಯೋಪೋಲ್ಡರ ಗುಡಿಸಲನ್ನು ನೋಡಿಬಂದೆನು. ಮ್ಯಾಡಿಸನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1935ರಲ್ಲಿ ಬರಾಬೂ ಊರಿನ ಬಳಿ ಬರಡಾದ ಉಸುಕುನೆಲವನ್ನು ಕೊಂಡು, ಅಲ್ಲಿದ್ದ ಕೋಳಿಯ ಗೂಡನ್ನೇ ವಾಸಕ್ಕೆ ಅಣಿಗೊಳಿಸಿ, ಯಾವ ಹೂವು ಎಂದು ಅರಳಿತು, ಯಾವ ಹಕ್ಕಿ ಎಂದು ಬಂದಿತು ಎಂಬುದನ್ನು ಹತ್ತು ವರ್ಷಕ್ಕೂ ಮಿಗಿಲಾಗಿ ಬರೆದಿಟ್ಟರು. ನೆರೆಯವರ ಹುಲ್ಲುಗಾವಲಿಗೆ ತಗುಲಿದ ಬೆಂಕಿಯನ್ನು ಆರಿಸಹೋಗಿ 1948ರಲ್ಲಿ ತೀರಿಕೊಂಡರು. ಅವರ ಮಗಳು ನೀನಾ ಲಿಯೋಪೋಲ್ಡ್ ಬ್ರ್ಯಾಡ್ಲಿಯವರು 1976ರಿಂದ ಅದೇ ನೆಲದಲ್ಲಿ ಅದೇ ಹೂವು ಹಕ್ಕಿಗಳನ್ನು ಮತ್ತೆ ಗುರುತಿಸುತ್ತ ಬಂದು, ತಂದೆಯ ದಾಖಲೆಯೊಡನೆ ಹೋಲಿಸಿ 1999ರಲ್ಲಿ ಪ್ರಕಟಿಸಿದರು. ವಸಂತದ ಹಲವು ಘಟನೆಗಳು ಮುಂದಕ್ಕೆ ಸರಿದಿದ್ದುವು. ಕೆಲವು ಕಿಂಚಿತ್ತೂ ಕದಲಿರಲಿಲ್ಲ. ನನ್ನ ಮನಸ್ಸಿಗೆ ಹೆಚ್ಚು ನಾಟಿದುದು ಈ ಎರಡನೆಯ ಮಾತು. ಶಾಖವನ್ನು ನೋಡಿ ಎಚ್ಚರಗೊಳ್ಳುವ ಜೀವಿಗಳು ಬೇಗನೆ ಏಳುತ್ತವೆ. ಹಗಲಿನ ಉದ್ದವನ್ನು ನೋಡಿ ಹೊರಡುವವು ಹಳೆಯ ದಿನಕ್ಕೇ ಹೊರಡುತ್ತವೆ, ಏಕೆಂದರೆ ಸೂರ್ಯನ ಗತಿಯು ಬದಲಾಗಿಲ್ಲ. ಒಟ್ಟಿಗೆ ಬರುತ್ತಿದ್ದವರು ಹೀಗೆ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುತ್ತಾರೆ. ನೀನಾರ ಪ್ರಕಟಣೆಯ ಮರುವರ್ಷ ಮ್ಯಾಡಿಸನ್ನಿನ ಜಾನ್ ಮ್ಯಾಗ್ನಸನ್ನರೂ ಅವರ ಸಹೋದ್ಯೋಗಿಗಳೂ ಉತ್ತರಾರ್ಧಗೋಳದ ಹಲವು ಸರೋವರ ನದಿಗಳ ದಾಖಲೆಗಳನ್ನು ಒಟ್ಟುಗೂಡಿಸಿ, 1846ರಿಂದ 1995ರವರೆಗೆ ಶತಮಾನಕ್ಕೆ 5.8 ದಿನ ತಡವಾಗಿ ಹೆಪ್ಪುಗಟ್ಟುತ್ತ 6.5 ದಿನ ಬೇಗನೆ ಕರಗುತ್ತ ಬಂದಿರುವುದನ್ನು ತೋರಿಸಿದರು. ಮನುಷ್ಯನು ಉರಿಸಿದ ಕಲ್ಲಿದ್ದಲು ಎಣ್ಣೆಗಳ ಹೊಗೆಯು ಆಕಾಶದಲ್ಲಿ ಕಟ್ಟಿದ ಶಾಖವು ಇದಕ್ಕೆ ಮುಖ್ಯಕಾರಣವೆಂಬುದರಲ್ಲಿ ಇಂದು ಸಂದೇಹವುಳಿದಿಲ್ಲ. ಆದರೆ ಸಂದೇಹವನ್ನು ಕಳೆದದ್ದರಲ್ಲಿ ದೊಡ್ಡ ಯಂತ್ರಗಳಿಗಿರುವಷ್ಟೇ ಪಾಲು, ದಿನದಿನವೂ ಕಿಟಕಿಯ ಹಬೆಯನ್ನೊರೆಸಿ ನೋಡಿ ಬರೆದಿಟ್ಟ ಸಾಮಾನ್ಯರಿಗೂ ಇದೆ. ನಮ್ಮ ಅಜ್ಜನವರ ಪಂಚಾಂಗಗಳು ಮನೆ ಪಾಲಾದ ವರ್ಷ ಹಂಡೆಯ ಒಲೆಗೆ ಹೋದುವು. ಮೃಗಶಿರೆಯು ಹಿಂದೆ ಹೇಗೆ ಹಿಡಿಯುತ್ತಿದ್ದಿತೆಂದು ಇಂದು ಊರಿನಲ್ಲಿ ವಾದ ನಡೆದಾಗ ತೋರಿಸಲು ಕಾಗದವೊಂದಿಲ್ಲ. ಎಲ್ಲರ ಬಾಯಲ್ಲೂ ಅವರವರ ಬಾಲ್ಯದ ಮಳೆಯಿದೆ. ಆ ನಷ್ಟವನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ.

ಮನೆಯೊಡತಿಯ ಮಗನು ಮರಗೆಲಸದವನು, ನನ್ನ ಸಮವಯಸ್ಕ. ಚಳಿಗಾಲ ಕುಗ್ಗುತ್ತಿರುವುದನ್ನು ಕುರಿತು ನಾನು ಮರುಗಿದಾಗ ಅವನು ಒಪ್ಪಲಿಲ್ಲ. ಎಣ್ಣೆಯ ಖರ್ಚು ತಗ್ಗಿದೆ, ಛಾವಣಿಯ ಮೇಲಿನ ಹಿಮವನ್ನೆಳೆಯುವ ಕಷ್ಟವಿಲ್ಲ, ತಾಯಿಯಂತಹವರು ಕೆಲವು ದಿನ ಹೆಚ್ಚಾಗಿ ಹೊರಗೆ ಅಡ್ಡಾಡಬಹುದು, ದೂರದಿಂದ ಬಂದವರಿಗೆ ನಮ್ಮ ಚಳಿಯ ಮೇಲೆ ಇಷ್ಟೊಂದು ಮಮತೆ ಏಕೆ ಎಂದನು. ಅದರಲ್ಲಿ ಸತ್ಯವಿದ್ದಿತು, ನಾನು ಎದುರಾಡಲಿಲ್ಲ. ಆದರೆ ಅವನಿಗೂ ಒಂದು ವ್ಯಸನವಿದ್ದಿತು: ಗಡ್ಡೆಯ ಮೇಲೆ ಮರದ ಸಣ್ಣ ಗೂಡೊಂದನ್ನು ಎಳೆದೊಯ್ದು ನಿಲ್ಲಿಸಿ, ತೂತು ಕೊರೆದು, ಗಾಳ ಇಳಿಬಿಟ್ಟು ದಿನವೆಲ್ಲ ಕುಳಿತಿರುವುದು. ಆ ಗೂಡನ್ನು ಅವನೇ ಕಟ್ಟಿದ್ದನು. ಒಳಗೆ ತಗಡಿನ ಒಲೆ, ಎರಡು ಪೀಠ, ಗೋಡೆಯ ಮೇಲೆ ಕಬ್ಬಿಣದ ಅಳತೆಗೋಲು. ನಡೆಯಲು ನಾಲ್ಕಂಗುಲ ದಪ್ಪವಾದರೂ ಬೇಕೆಂಬುದು ಅಲ್ಲಿಯ ಕಟ್ಟಳೆ. ಮೊದಲಾದರೆ ಹೊಸವರುಷದ ಬಳಿಕ ಯಾರೂ ಅಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಈಚೆಗೆ ಒಂದೆಡೆ ಆರಂಗುಲವಿದ್ದರೆ ಹತ್ತು ಮಾರು ಆಚೆ ಎರಡಂಗುಲ. ಶೀತದೇಶಗಳ ಲೆಕ್ಕವನ್ನು ನೋಡಿದ ಸಂಶೋಧಕರು 2020ರಲ್ಲಿ ಹೇಳಿದುದೂ ಇದನ್ನೇ: ಚಳಿಗಾಲವು ಬೆಚ್ಚಗಾದಂತೆ ಗಡ್ಡೆಯು ಕುಸಿದು ಮುಳುಗಿ ಸಾಯುವವರು ಹೆಚ್ಚುತ್ತಾರೆ.

ತಾಯಿಯು ತೀರಿಕೊಂಡ ಮೇಲೆ ಅವನು ಪುಸ್ತಕಗಳ ಕಟ್ಟನ್ನು ತನ್ನ ಮನೆಗೆ ತಂದಿಟ್ಟುಕೊಂಡನು. ಒಂದು ಚಳಿಗಾಲ ಅವನ ಅಳತೆಗೋಲು ಒಮ್ಮೆಯೂ ನಾಲ್ಕನ್ನು ತೋರಿಸಲಿಲ್ಲವಂತೆ. ಮುಂದಿನ ಶರತ್ಕಾಲದಲ್ಲಿ ಗೂಡನ್ನು ಮಾರಿದೆನೆಂದು ಬರೆದನು. ಕೊಂಡವನು ಅದನ್ನು ಲಾರಿಯ ಮೇಲೇರಿಸಿಕೊಂಡು ಇನ್ನೂರು ಮೈಲಿ ಉತ್ತರಕ್ಕೆ, ಚಿಕ್ಕಮ್ಮನಿದ್ದ ಕಡೆಗೆ, ಸಾಗಿಸಿದನೆಂದೂ ಅಲ್ಲಿ ಇನ್ನೂ ಕೆಲವು ಕಾಲ ಅದಕ್ಕೆ ಕೆಲಸವಿರುವುದೆಂದೂ ಆ ಪತ್ರದಲ್ಲಿದ್ದಿತು.